ಹಂಪಿಯ ಬಾಗೇಶ್ರೀ, ಹಾವೇರಿ ಸೀಮೆಯ ಕಿವಿ

1936ನೇ ಇಸವಿ. ವಿಜಯನಗರ ಸ್ಥಾಪನೆಯಾಗಿ 600 ವರ್ಷ ತುಂಬಿದ ನೆನಪಿಗೆ ಹಂಪಿಯಲ್ಲಿ ಉತ್ಸವ. ಹಾಡಲು ಕುಳಿತವನು ಕುಂದಗೋಳ ಸೀಮೆಯ ಯಲಿವಾಳದ ಹುಡುಗ, ಇನ್ನೂ ಹದಿಹರೆಯ ದಾಟಿರಲಿಲ್ಲ. ಹೆಸರು ಬಸವರಾಜ. ಅವನಿಗಿಂತ ಹೆಚ್ಚಾಗಿ ಅವನ ಪಕ್ಕದಲ್ಲಿ ತಬಲಾ ಮುಂದಿಟ್ಟುಕೊಂಡು ಕುಳಿತವರನ್ನು ಕಂಡೇ ಜನ ಹುಬ್ಬೇರಿಸಿರಬೇಕು. ಅವರು ಹುಡುಗನ ಗುರುಗಳು, ಪಂಚಾಕ್ಷರಿ ಗವಾಯಿಗಳು. ಆಗ ಅವರಿಗೆ 44 ವರ್ಷ. ಕರ್ನಾಟಕಿ, ಹಿಂದುಸ್ತಾನಿ ಎರಡರಲ್ಲೂ ಪಾರಂಗತರೆಂದು ‘ಉಭಯ ಗಾನ ವಿಶಾರದ’ ಎನಿಸಿಕೊಂಡವರು. ಕಣ್ಣು ಮಾತ್ರ ಇರಲಿಲ್ಲ.

ಬೈಠಕ್ಕಿನ ರೀತಿ ರಿವಾಜು ಬಲ್ಲವರಿಗೆ ಈ ಕೂರಿಕೆಯಲ್ಲಿನ ಉಲ್ಟಾ ಕೂಡಲೇ ತಿಳಿಯುತ್ತದೆ. ಗುರು ಹಾಡಬೇಕು, ಶಿಷ್ಯ ಹಿಂದೆ ಕುಳಿತು ತಂಬೂರಿ ಮೀಟಬೇಕು, ಗುರು ಕಣ್ಸನ್ನೆ ಮಾಡಿದರೆ ಒಂದೆರಡು ಸ್ವರ ಸೇರಿಸಬೇಕು. ಅದು ನಡೆದುಬಂದ ಪದ್ಧತಿ. ಇಲ್ಲಿ ಗುರುವೇ ಶಿಷ್ಯನ ಲಯ ಕಾಯಲು ಕುಳಿತಿದ್ದಾರೆ. ಅದೂ ಶಿಷ್ಯನ ಮೊಟ್ಟಮೊದಲ ದೊಡ್ಡ ಸಭೆಯಲ್ಲಿ. ಹುಡುಗ ಬಾಗೇಶ್ರೀ ಎತ್ತಿಕೊಂಡ. ನಿಜಗುಣ ಶಿವಯೋಗಿಗಳ ಪದವನ್ನೂ ಹಾಡಿದ. ಸಭೆ ಮಂತ್ರ ಹಾಕಿದಂತೆ ಕುಳಿತಿತ್ತು. ಆಮೇಲೆ ಮೆಚ್ಚುಗೆಯ ಕಟ್ಟೆ ಒಡೆಯಿತು. ಮುಂದೆ ಐವತ್ತು ವರ್ಷಕ್ಕೂ ಮೇಲ್ಪಟ್ಟು ಹಾಡಿದ ಬಸವರಾಜ ರಾಜಗುರು ಅವರ ಕಥೆಯನ್ನು ಯಾರೇ ಹೇಳಲಿ, ಶುರು ಮಾಡುವುದು ಹಂಪಿಯಿಂದಲೇ.

ಆ ಸಭೆಯ ಹಿನ್ನೆಲೆಯನ್ನೂ ನೆನೆಯಬೇಕು. ಅಂದು ಹಂಪಿ ಇದ್ದದ್ದು ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿ. ಹೊಳೆ ದಾಟಿದರೆ ಆನೆಗೊಂದಿ, ಅದು ನಿಜಾಮನ ರಾಜ್ಯ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದವು. ತುಂಗಭದ್ರೆಯ ಆಚೆ ದಂಡೆಯ ಹರಿಹರ ಮೈಸೂರು ಮಹಾರಾಜರದು. ರಾಣೆಬೆನ್ನೂರಿನವನು ಹರಿಹರೇಶ್ವರನಿಗೆ ಕಾಯಿ ಒಡೆಸಲು ಹೋದರೂ ಇನ್ನೊಂದು ಸರ್ಕಾರದ ನೆಲಕ್ಕೆ ಕಾಲಿಟ್ಟ ಲೆಕ್ಕ. ಆಲೂರ ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ ಬರೆದು ಹಚ್ಚಿದ ಕಿಚ್ಚು ಹಂಪಿಯ ಕಲ್ಲುಗಳ ನಡುವೆಯೇ ಹೊತ್ತಿಕೊಂಡದ್ದು. ಧಾರವಾಡದಿಂದ 1936ರಲ್ಲೇ ವಿಜಯನಗರದ ಮೇಲೊಂದು ದೊಡ್ಡ ಸ್ಮರಣ ಸಂಪುಟವೂ ಹೊರಬಂತು. ಹರಿದು ಹಂಚಿಹೋದ ಒಂದು ಭಾಷೆಯ ಜನ ತಮ್ಮ ಹಳೆಯ ರಾಜಧಾನಿಯ ಹಾಳಿನಲ್ಲಿ ಸೇರಿದ್ದಾರೆ. ಅಲ್ಲೊಬ್ಬ ಹುಡುಗ ಕಿರಾಣಾ, ಗ್ವಾಲಿಯರ್ ಘರಾಣೆಗಳ ಗಾಳಿ ಕುಡಿದ ರಾಗದ ಬೆನ್ನಿಗೆ ಅಚ್ಚಗನ್ನಡದ ತತ್ತ್ವಪದ ಎತ್ತುತ್ತಾನೆ. ಚಪ್ಪಾಳೆಯಲ್ಲಿ ಸಂಗೀತಕ್ಕೆ ಎಷ್ಟು ಪಾಲು, ನಾಡಿಗೆ ಎಷ್ಟು ಪಾಲು ಎಂದು ಅಳೆಯಲು ಹೋಗುವುದು ದಡ್ಡತನ.

ಆ ಕಛೇರಿಯನ್ನು ಈಗ ಹಚ್ಚಿ ಕೇಳೋಣವೆಂದರೆ ತಟ್ಟೆ ಇಲ್ಲ. ಆ ಕಾಲದ ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದದ್ದೇ ಮೂರು, ಮೂರೂವರೆ ನಿಮಿಷ. ಉತ್ಸವದ ಚಪ್ಪರಕ್ಕೆ ಯಂತ್ರ ಹೊತ್ತೊಯ್ದು ಕಛೇರಿ ಮುದ್ರಿಸುವ ರೂಢಿ ನಮ್ಮಲ್ಲಿ ಇನ್ನೂ ಹುಟ್ಟಿರಲಿಲ್ಲ. ಉಳಿದದ್ದು ಕೇಳಿದವರ ಬಾಯಿಮಾತು, ಅವರಿಂದ ಕೇಳಿದವರ ಬಾಯಿಮಾತು. ನಮ್ಮ ಕಡೆ ಹಾಡಿದವನಿಗೆ ಎಷ್ಟು ಗತ್ತೋ ಕೇಳಿದವನಿಗೂ ಅಷ್ಟೇ ಗತ್ತು. ಬ್ಯಾಡಗಿಯ ದಲಾಲಿ ಅಂಗಡಿಯ ಗಾದಿಗೆ ಒರಗಿದ ಹಿರಿಯರು ಎಲೆಗೆ ಸುಣ್ಣ ಹಚ್ಚುತ್ತ, “ನೀವೇನ್ ಕೇಳೀರಿ ಬಿಡ್ರಿ, ನಾ ಕೇಳೀನಿ” ಎಂದುಬಿಟ್ಟರೆ ಮುಂದೆ ವಾದವಿಲ್ಲ.

ಈ ಗತ್ತು ನಮ್ಮೊಬ್ಬರದೇ ಅಲ್ಲ. ಅಮೆರಿಕದ ವುಡ್‌ಸ್ಟಾಕ್ ಉತ್ಸವದಲ್ಲಿ ಜಿಮಿ ಹೆಂಡ್ರಿಕ್ಸ್ ಗಿಟಾರ್ ನುಡಿಸಿದ್ದು 1969ರ ಆಗಸ್ಟ್ 18ರ ಸೋಮವಾರ ಬೆಳಿಗ್ಗೆ. ಉತ್ಸವಕ್ಕೆ ಬಂದಿದ್ದವರು ನಾಲ್ಕು ಲಕ್ಷದಷ್ಟು. ಅಷ್ಟೊತ್ತಿಗೆ ಬಹುಪಾಲು ಜನ ಮಳೆ ಕೆಸರಿಗೆ ಬೇಸತ್ತು ಊರ ದಾರಿ ಹಿಡಿದಿದ್ದರು. ಆದರೂ ಆ ಗಿಟಾರಿನಿಂದ ಹೊರಟ ರಾಷ್ಟ್ರಗೀತೆ ಕೇಳಿದೆವು ಎನ್ನುವವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಲೇ ಹೋಯಿತಂತೆ. ಅವರಿಗೊಂದು ಅನುಕೂಲವಿದೆ, ಚಿತ್ರ ತೆಗೆದಿಟ್ಟಿದ್ದಾರೆ. ಹಂಪಿಯದನ್ನು ನಂಬಲು ನಮಗೆ ಕಿವಿಯೊಂದೇ ಗತಿ. ಹಾಗಾಗಿ ಆ ಕಿವಿಯ ಚರಿತ್ರೆಯನ್ನೇ ನೋಡಬೇಕು. ಆ ಹೊತ್ತಿಗೆ ಬಾಗೇಶ್ರೀ ಎಂದರೆ ಏನೆಂದು ಗೊತ್ತಿದ್ದ ಹಳ್ಳಿ ಕಿವಿಗಳು ಎಲ್ಲಿಂದ ಬಂದವು? ಅದರ ಬೇರು ಹುಡುಕುತ್ತ ಹೋದರೆ ಹಂಪಿ ಬಿಟ್ಟು ಹಾವೇರಿ ಸೀಮೆಗೆ ಬರಬೇಕಾಗುತ್ತದೆ.

ರಾಣೆಬೆನ್ನೂರು ತಾಲೂಕಿನ ಜೋಯಿಸರಹಳ್ಳಿಯಲ್ಲಿ 1867ರಲ್ಲಿ ಹುಟ್ಟಿದ ಒಬ್ಬ ಬಡ ಹುಡುಗ ಮುಂದೆ ಹಾನಗಲ್ಲ ವಿರಕ್ತಮಠದ ಕುಮಾರ ಸ್ವಾಮಿಗಳಾದ. 1904ರಲ್ಲಿ ವೀರಶೈವ ಮಹಾಸಭೆ ಕಟ್ಟಿದವರು, 1909ರಲ್ಲಿ ಬಾದಾಮಿ ಹತ್ತಿರ ಮಲಪ್ರಭೆಯ ದಂಡೆಗೆ ಶಿವಯೋಗ ಮಂದಿರ ನಿಲ್ಲಿಸಿದವರು ಎಂದು ಅವರನ್ನು ಎಲ್ಲರೂ ಬಲ್ಲರು. ಸಂಗೀತದ ಚರಿತ್ರೆ ಬರೆಯುವವರು ಅವರ ಹೆಸರನ್ನು ಅಡಿಟಿಪ್ಪಣಿಗೆ ತಳ್ಳುತ್ತಾರೆ. ನನ್ನ ಲೆಕ್ಕದಲ್ಲಿ ಅದು ಅನ್ಯಾಯ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯ ಗುರುಪಾದಯ್ಯ, ನೀಲಮ್ಮ ದಂಪತಿಗೆ ಇಬ್ಬರು ಕುರುಡು ಮಕ್ಕಳು. ಹಿರಿಯವನು ಗುರುಬಸವಯ್ಯ, ಕಿರಿಯವನು 1892ರ ಫೆಬ್ರವರಿ 2ರಂದು ಹುಟ್ಟಿದ ಗದಿಗೆಯ್ಯ. ಹಳ್ಳಿಯಲ್ಲಿ ಕುರುಡು ಮಗು ಹುಟ್ಟಿದರೆ ಆಗ ಇದ್ದ ದಾರಿ ಒಂದೇ, ಯಾರದಾದರೂ ಹೆಗಲು ಹಿಡಿದು ಬೇಡುವುದು. ಈ ಹುಡುಗರ ದನಿ ಕುಮಾರ ಸ್ವಾಮಿಗಳ ಕಿವಿಗೆ ಬಿತ್ತು. ಒಳ್ಳೆಯ ದನಿ ಎಂದು ತಲೆ ಸವರಿ ಕಳಿಸಬಹುದಿತ್ತು. ಅವರು ಸಂಗೀತ ಕಲಿಸಲು ಕರೆದುಕೊಂಡರು.

ಕಲಿಸಿದ್ದಾದರೂ ಹೇಗೆ? ಮೊದಲು ಮೈಸೂರಿಗೆ ಕಳಿಸಿ ವರ್ಷಗಟ್ಟಲೆ ಕರ್ನಾಟಕಿ ಸಂಗೀತ. ಅಷ್ಟಕ್ಕೆ ಬಿಟ್ಟಿದ್ದರೆ ಗದಿಗೆಯ್ಯ ಮಠದ ಭಜನೆ ಹೇಳಿಕೊಡುವ ಒಬ್ಬ ಒಳ್ಳೆ ಶಾಸ್ತ್ರಿಯಾಗುತ್ತಿದ್ದ. ಆಮೇಲೆ ನಿಡಗುಂದಿಕೊಪ್ಪದಲ್ಲಿ ಉಸ್ತಾದ್ ವಹೀದ್ ಖಾನರಿಂದ ಹಿಂದುಸ್ತಾನಿ ಪಾಠ. ವಿರಕ್ತ ಸ್ವಾಮಿಯೊಬ್ಬರು ತಮ್ಮ ಕುರುಡು ಶಿಷ್ಯನನ್ನು ಮುಸಲ್ಮಾನ ಉಸ್ತಾದರ ಮುಂದೆ ಕೂರಿಸಿದರು. ಯಾರೂ ಇದನ್ನು ಸೌಹಾರ್ದ ಗೀಹಾರ್ದ ಎಂದು ಕರೆಯಲಿಲ್ಲ. ವಿದ್ಯೆ ಯಾರ ಹತ್ತಿರ ಇದೆಯೋ ಅವರ ಮುಂದೆ ಕೂರಬೇಕು, ಅಷ್ಟೇ. ಗದಿಗೆಯ್ಯ ಪಂಚಾಕ್ಷರಿ ಗವಾಯಿಯಾಗಿ ಎದ್ದರು.

1914ರ ಸುಮಾರಿಗೆ ಶುರುವಾದ ಅವರ ಪಾಠಶಾಲೆಗೆ ಗೋಡೆ ಇರಲಿಲ್ಲ. ಕುರುಡರು, ಅನಾಥರು, ತುತ್ತಿಗಿಲ್ಲದೆ ತಂದೆ ತಾಯಿ ಒಪ್ಪಿಸಿದ ಮಕ್ಕಳು, ಇವರ ದಂಡು ಕಟ್ಟಿಕೊಂಡು ಊರಿಂದೂರಿಗೆ ಸಾಗುವ ಸಂಚಾರಿ ಶಾಲೆ ಅದು. ಊರ ಮಠದಲ್ಲೋ, ಗುಡಿಯ ಪಡಸಾಲೆಯಲ್ಲೋ ಬಿಡಾರ. ಊರವರು ಕೊಟ್ಟ ಜೋಳ, ಬೇಳೆಯಲ್ಲಿ ಗಂಜಿ, ನುಚ್ಚು. ನಸುಕಿನಲ್ಲಿ ಪಾಠ, ಸಂಜೆಗೆ ಊರ ಮುಂದೆ ಕೀರ್ತನೆ, ಪುರಾಣ, ಹಾಡು. ಮತ್ತೆ ಮುಂದಿನ ಊರು. ಇದನ್ನು ಧರ್ಮದ ಕೆಲಸವೆಂದು ನಾವು ಹೊಗಳಿದ್ದೇವೆ, ಸರಿ. ಅದರ ಇನ್ನೊಂದು ಫಲವನ್ನು ಯಾರೂ ಅಷ್ಟಾಗಿ ಬರೆದಿಲ್ಲ. ಮಕ್ಕಳು ನಸುಕಿನಲ್ಲಿ ಅದೇ ಅದೇ ಪಲುಕು ತಿದ್ದುವುದನ್ನು, ತಪ್ಪಿದಾಗ ಗವಾಯಿಗಳು ಗದರಿ ಮತ್ತೆ ಹಾಡಿಸುವುದನ್ನು, ನೀರು ತರಲು ಹೊರಟ ಹೆಣ್ಣುಮಕ್ಕಳು ಕೇಳಿದರು, ಹೊಲಕ್ಕೆ ಹೊರಟ ರೈತ ಕೇಳಿದ, ಬಂಡಿ ಹೂಡುತ್ತಿದ್ದವನು ಕೇಳಿದ. ತಿದ್ದಿದ ಹಾಡು ಮಾತ್ರ ಕೇಳಿದವನಿಗೆ ಹಾಡು ಗೊತ್ತಾಗುತ್ತದೆ. ತಿದ್ದುವುದನ್ನು ಕೇಳಿದವನಿಗೆ ಸಂಗೀತ ಗೊತ್ತಾಗುತ್ತದೆ. ಕಾನಡಾ, ಭೈರವಿ ಎಂಬ ಹೆಸರು ಬಾರದ ರೈತ ಕೂಡ “ಇವತ್ತ ಸ್ವರ ಯಾಕೋ ಕುಂಡ್ರಲಿಲ್ಲ ನೋಡ್ರಿ” ಎನ್ನಬಲ್ಲವನಾದ. ಹಂಪಿಗೆ ಬೇಕಾದ ಕಿವಿ ತಯಾರಾದದ್ದು ಹೀಗೆ, ಪುಕ್ಕಟೆಯಾಗಿ, ಪಡಸಾಲೆಗಳಲ್ಲಿ.

ಪುಕ್ಕಟೆ ಎಂದೆನಾದರೂ ಜೋಳಿಗೆ ತುಂಬಲು ಊರ ಕೈಯಲ್ಲಿ ನಾಲ್ಕು ಕಾಸು ಆಡಬೇಕು. ಈ ಸೀಮೆಯಲ್ಲಿ ಅದು ಆಡುತ್ತಿತ್ತು. ಹಾವೇರಿಯ ಏಲಕ್ಕಿ ಹಾರ, ಬ್ಯಾಡಗಿಯ ಮೆಣಸಿನಕಾಯಿ ಜಗತ್ತಿಗೆ ಗೊತ್ತು. ರಾಣೆಬೆನ್ನೂರು, ಹಾವೇರಿಗಳ ನಿಜವಾದ ರೊಕ್ಕದ ಬೆಳೆ ಮಾತ್ರ ಎರೆ ಹೊಲದ ಹತ್ತಿ. ಈ ಹತ್ತಿಗೊಂದು ಸೋಜಿಗದ ಕಥೆಯಿದೆ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ಹತ್ತಿ ಬೆಳೆಗಾರರನ್ನೇ ಕರೆಸಿ, ಮಿಸಿಸಿಪ್ಪಿ ಹೊಳೆಯ ಬಾಯಲ್ಲಿರುವ ನ್ಯೂ ಆರ್ಲಿಯನ್ಸಿನ ಹೆಸರಿನ ಬೀಜವನ್ನು ಇಂಡಿಯಾದಲ್ಲಿ ಬಿತ್ತಿಸಿತು. ಹೆಚ್ಚಿನ ಕಡೆ ಅದು ಕೈಕೊಟ್ಟಿತು. ಬೇರು ಬಿಟ್ಟದ್ದು ಧಾರವಾಡ ಜಿಲ್ಲೆಯಲ್ಲಿ. ‘ಧಾರವಾಡ ಅಮೆರಿಕನ್’ ಎಂಬ ಹೆಸರು ಹೊತ್ತು ಅದು ಇಂಗ್ಲೆಂಡಿನ ಗಿರಣಿಗಳಿಗೆ ಹೋಯಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡು ಅಲ್ಲಿನ ಹತ್ತಿ ನಿಂತಾಗ ಇಲ್ಲಿನ ಹತ್ತಿಗೆ ಬಂಗಾರದ ಬೆಲೆ ಬಂತು.

ಅದೇ ಮಿಸಿಸಿಪ್ಪಿ ಹತ್ತಿ ಹೊಲಗಳಲ್ಲಿ ಗುಲಾಮರ ಮೊಮ್ಮಕ್ಕಳು ಹಾಡಿಕೊಂಡದ್ದೇ ಬ್ಲೂಸ್. ಇಂದಿನ ರಾಕ್ ಗಿಟಾರಿನ ಅಬ್ಬರವೆಲ್ಲ ಹುಟ್ಟಿದ್ದು ಅಲ್ಲಿಂದ. ಹೆಂಡ್ರಿಕ್ಸನ ಅಜ್ಜಂದಿರ ಸಾಲಿಗೆ ಸೇರುವ ರಾಬರ್ಟ್ ಜಾನ್ಸನ್ ಎಂಬ ಗಿಟಾರ್ ಮಾಂತ್ರಿಕ ಮೊದಲ ಸಲ ಮುದ್ರಣಯಂತ್ರದ ಮುಂದೆ ಕುಳಿತದ್ದು ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದ ಹೋಟೆಲ್ಲೊಂದರಲ್ಲಿ, 1936ರ ನವೆಂಬರ್ 23ರಂದು. ಹಂಪಿಯ ವರ್ಷವೇ. ಅವನು ಒಟ್ಟು ಬಿಟ್ಟುಹೋದದ್ದು 29 ಹಾಡು. 1938ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಸಭಾಂಗಣದಲ್ಲಿ ಅವನ ಕಛೇರಿ ಮಾಡಿಸಬೇಕೆಂದು ಹುಡುಕಿದಾಗ, ಆಗಸ್ಟಿನಲ್ಲೇ 27ರ ಹರೆಯದಲ್ಲಿ ಸತ್ತಿದ್ದಾನೆಂಬ ಸುದ್ದಿ ಬಂತು. ವೇದಿಕೆಯ ಮೇಲೆ ಅವನ ತಟ್ಟೆ ಹಚ್ಚಿ ಕೇಳಿಸಿದರು. ಅವರಿಗೆ ತಟ್ಟೆ ಉಳಿಯಿತು, ಹಾಡುಗಾರ ಉಳಿಯಲಿಲ್ಲ. ನಮಗೆ ಹಾಡುಗಾರ ಉಳಿದ, ಆ ದಿನದ ಹಾಡು ಉಳಿಯಲಿಲ್ಲ.

ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಟೆಕ್ಸಸ್‌ನಲ್ಲಿ ಕುರುಡು ಗಿಟಾರ್ ವಾದಕರ ಒಂದು ಸಾಲೇ ಇತ್ತು. ಬ್ಲೈಂಡ್ ಲೆಮನ್ ಜೆಫರ್ಸನ್, ಬ್ಲೈಂಡ್ ವಿಲ್ಲೀ ಜಾನ್ಸನ್. ಬೀದಿ ಮೂಲೆಯಲ್ಲಿ ನಿಂತು ಹಾಡಿ, ಹೋಗಿ ಬರುವವರು ಹಾಕಿದ ಚಿಲ್ಲರೆಯಲ್ಲಿ ಬದುಕಿದವರು. ವಿಲ್ಲೀ ಜಾನ್ಸನ್ 1927ರಲ್ಲಿ ಗುನುಗಿದ ಒಂದು ಹಾಡನ್ನು 1977ರಲ್ಲಿ ವಾಯೇಜರ್ ನೌಕೆಯ ಬಂಗಾರದ ತಟ್ಟೆಗೆ ಹಾಕಿ ಆಕಾಶಕ್ಕೆ ಕಳಿಸಿದರು. ಅದೇ ತಟ್ಟೆಯಲ್ಲಿ ನಮ್ಮ ಕಡೆಯಿಂದ ಕೇಸರಬಾಯಿ ಕೇರಕರರ ಭೈರವಿ ಇದೆ. ಆ ಕುರುಡರ ಪ್ರತಿಭೆ ಗವಾಯಿಗಳಿಗಿಂತ ಒಂದು ಗುಲಗಂಜಿಯೂ ಕಡಿಮೆಯದಲ್ಲ. ಅವರಿಗೆ ಸಿಗದೆ ಹೋದದ್ದು ಒಬ್ಬ ಕುಮಾರ ಸ್ವಾಮಿ. ಅವರು ಒಬ್ಬೊಬ್ಬರಾಗಿ ಹಾಡಿ ಒಬ್ಬೊಬ್ಬರಾಗಿ ಸತ್ತರು. ಇಲ್ಲಿಯ ಕುರುಡರು ಶಾಲೆಯಾದರು.

ಈಗ ಯಲಿವಾಳದ ಹುಡುಗನಿಗೆ ಬರೋಣ. ಅವನ ತಂದೆಯೇ ಕರ್ನಾಟಕಿ ಸಂಗೀತ ಬಲ್ಲವರು. ಮಗನಿಗೆ ಮಾತ್ರ ಮೊದಲು ಹಿಡಿದದ್ದು ನಾಟಕದ ಹುಚ್ಚು. ವಾಮನರಾವ್ ಮಾಸ್ತರರ ಕಂಪನಿ ಸೇರಿ ಬಣ್ಣ ಹಚ್ಚಿ ಹಾಡಿದ. ನಮ್ಮ ಸೀಮೆಯ ಕಿವಿ ತಯಾರಾದ ಎರಡನೆಯ ಸಾಲೆ ಈ ಕಂಪನಿ ನಾಟಕಗಳೇ. ಗದಗಿನ ಗರುಡ ಸದಾಶಿವರಾಯರ ದತ್ತಾತ್ರೇಯ ಮಂಡಳಿಯಂಥ ಕಂಪನಿಗಳು ಊರಿಗೆ ಬಂದು ತಗಡಿನ ಥಿಯೇಟರು ಹಾಕಿದರೆ ಸುತ್ತಲಿನ ಹಳ್ಳಿಗಳ ಚಕ್ಕಡಿಗಳೆಲ್ಲ ಅಲ್ಲಿಗೇ. ಹಾವೇರಿ ಪಕ್ಕದ ಹಂದಿಗನೂರು ಎಂಬ ಹಳ್ಳಿಯ ಹೆಸರು ಕರ್ನಾಟಕಕ್ಕೆಲ್ಲ ಗೊತ್ತಾದದ್ದು ಅಲ್ಲಿಯ ಸಿದ್ರಾಮಪ್ಪ ರಂಗದ ಮೇಲೆ ನಿಂತು ಹಾಡಿದ್ದರಿಂದ. ನಾಟಕದ ಕಥೆ ಯಾರಿಗೆ ಬೇಕಿತ್ತು? ಸಾಯಲು ಬಿದ್ದ ರಾಜ ‘ಒನ್ಸ್ ಮೋರ್’ ಎಂಬ ಕೂಗಿಗೆ ಎದ್ದು ಕುಳಿತು ಹಾಡು ಮತ್ತೊಮ್ಮೆ ಹಾಡಿ ಮತ್ತೆ ಸಾಯುತ್ತಿದ್ದ. ಪೇಟಿಯ ಮಾಸ್ತರ ಕಾಲು ಪೆಟ್ಟಿಗೆ ತುಳಿಯುತ್ತಿದ್ದಂತೆ ಪಿಟ್ಟಿನಲ್ಲಿ ಕೂತ ಹಮಾಲನೂ ಮುಂದಿನ ಖುರ್ಚಿಯ ಸಾವಕಾರನೂ ಒಂದೇ ಸಮಕ್ಕೆ ತಲೆದೂಗುತ್ತಿದ್ದರು. ನಾಟಕದವರು ಸಂಗೀತ ಕೆಡಿಸಿದರೆಂದು ಮಡಿವಂತರು ಮೂಗು ಮುರಿಯುತ್ತಾರೆ. ನಾನು ಒಪ್ಪುವುದಿಲ್ಲ. ಮೂರು ನಿಮಿಷದಲ್ಲಿ ರಾಗದ ಮುಖ ತೋರಿಸಿ ಹಿಂದಿನ ಸಾಲಿನವನನ್ನು ಹಿಡಿದು ಕೂರಿಸುವ ಕಲೆ ಬೇರೆಲ್ಲೂ ಸಿಗುತ್ತಿರಲಿಲ್ಲ. ಮುಂದೆ ರಾಜಗುರು ಖಯಾಲ ಮುಗಿಸಿ ನಾಟ್ಯಗೀತೆಗೆ ಹೊರಳಿದರೆ ಸಭೆಗೆ ಮತ್ತೆ ಜೀವ ಬರುತ್ತಿದ್ದದ್ದು ಈ ಋಣದಿಂದ.

ಹುಡುಗನಿಗೆ ಹದಿಮೂರರ ಆಸುಪಾಸು ತಂದೆ ತೀರಿಕೊಂಡರು. ಪಂಚಾಕ್ಷರಿ ಗವಾಯಿಗಳು ಅವನನ್ನು ಶಿಷ್ಯನಾಗಿ ಸೇರಿಸಿಕೊಂಡರು. ಅಲ್ಲಿಂದ ಹಂಪಿಗೆ ಕೆಲವೇ ವರ್ಷ. ಗುರುಗಳಿಗೆ ಎಷ್ಟು ಧೈರ್ಯವಿದ್ದಿರಬೇಕು ನೋಡಿ. ಅಥವಾ ಅದು ಧೈರ್ಯವಲ್ಲ, ಅಳುಕೋ? ಹೊಸ ಹುಡುಗ ದೊಡ್ಡ ಸಭೆಯಲ್ಲಿ ಲಯ ತಪ್ಪಿದರೆ ಎತ್ತಿಕೊಳ್ಳಲು ತನ್ನ ಕೈಯೇ ಇರಲಿ ಎಂಬ ತಾಯಿ ಅಳುಕು. ಎರಡೂ ಇದ್ದವೆಂದು ನಾನು ತಿಳಿದಿದ್ದೇನೆ. ಈ ಎಲ್ಲಕ್ಕೂ ಕಾರಣರಾದ ಹಾನಗಲ್ಲ ಕುಮಾರ ಸ್ವಾಮಿಗಳು ಹಂಪಿಯ ಆ ಹಾಡು ಕೇಳಲು ಇರಲಿಲ್ಲ, 1930ರಲ್ಲೇ ಲಿಂಗೈಕ್ಯರಾಗಿದ್ದರು.

ನಮ್ಮ ಸೀಮೆಯ ಕಿವಿಗೆ ಮೂರನೆಯ ಸಾಲೆ ರೈಲು. 1876ರಿಂದ 78ರ ಬರದ ನಂತರ ಸದರ್ನ್ ಮರಾಠಾ ರೈಲ್ವೆ ಈ ಭಾಗದಲ್ಲಿ ಹಳಿ ಹಾಸಿತು. ಹುಬ್ಬಳ್ಳಿಯಿಂದ ಕುಂದಗೋಳ, ಸಂಶಿ, ಗುಡಗೇರಿ, ಯಲವಿಗಿ, ಸವಣೂರು, ಕರಜಗಿ, ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು, ಆಮೇಲೆ ತುಂಗಭದ್ರೆ ದಾಟಿ ಹರಿಹರ. ಹತ್ತಿ ಅಂಡಿಗೆ, ಮೆಣಸಿನಕಾಯಿ ಚೀಲ ಸಾಗಿಸಲು ಆದ ಈ ದಾರಿಯಲ್ಲೇ ಸಂಗೀತವೂ ಓಡಾಡಿತು. ಮಿರಜದಲ್ಲಿ ನೆಲೆಸಿದ್ದ ಉಸ್ತಾದ್ ಅಬ್ದುಲ್ ಕರೀಮ್ ಖಾನರು ಮೈಸೂರು ದರಬಾರಿಗೆ ಹೋಗಿ ಬರುವಾಗ ಕುಂದಗೋಳದ ನಾಡಿಗೇರ ವಾಡೆಯಲ್ಲಿ ಇಳಿದು ತಂಗುತ್ತಿದ್ದರು. ಆ ವಾಡೆಯ ಗುಮಾಸ್ತರ ಮಗ ರಾಮಭಾವು, ಸಂಶಿ ಮನೆತನದ ಹುಡುಗ, ಅವರ ಶಿಷ್ಯನಾಗಿ ಸವಾಯಿ ಗಂಧರ್ವರಾದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಖಾನ್ ಸಾಹೇಬರ ಕೊನೆಯೂ ರೈಲ್ವೆ ಪ್ಲಾಟ್‌ಫಾರಂ ಮೇಲೆಯೇ ಆಯಿತು, 1937ರಲ್ಲಿ, ತಮಿಳು ನಾಡಿನ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಷನ್ನಿನಲ್ಲಿ.

ಇದೇ ಹಳಿಯ ಮೇಲೆ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಸವಾಯಿ ಗಂಧರ್ವರ ಪಾಠಕ್ಕೆ ಹೋಗಿ ಸಂಜೆಯ ಗಾಡಿಗೆ ಹಿಂದಿರುಗುತ್ತಿದ್ದರು. ಅವರಿಗೆ ಮೊದಲು ಪಾಠ ಹೇಳಿದ ಕೃಷ್ಣಾಚಾರ್ಯರು ಶಿಗ್ಗಾಂವಿ ತಾಲೂಕಿನ ಹುಲಗೂರಿನವರು. ಹೆಸರಿನ ಹಿಂದಿನ ಹಾನಗಲ್ಲು ಮನೆತನದ ಮೂಲದ ಊರು. ಹಾವೇರಿ ಸೀಮೆಯ ರಸಿಕರನ್ನು ನಾನು ಇಷ್ಟು ಹೊತ್ತು ಹೊಗಳಿದ್ದೇನಲ್ಲ, ಇಲ್ಲಿ ಸ್ವಲ್ಪ ತಡೆಯಬೇಕು. ಹಾಡುವ ಹೆಣ್ಣೆಂದರೆ ಅದೇ ರಸಿಕರ ನಾಲಿಗೆಗೆ ಬೇರೆ ರುಚಿ ಬರುತ್ತಿತ್ತು. ‘ಗಾನೇವಾಲಿ’ ಎಂಬ ಹೀಯಾಳಿಕೆಯನ್ನು ಗಂಗೂಬಾಯಿ ಬೀದಿಯಲ್ಲಿ ಕೇಳಿಸಿಕೊಂಡೇ ದೊಡ್ಡವರಾದರು, ಅದನ್ನು ಬರೆದೂ ಇಟ್ಟರು. ರಾತ್ರಿ ವಾಹ್ವಾ ಎಂದ ಬಾಯೇ ಹಗಲು ಆ ಮಾತನ್ನೂ ಆಡಿತು. ಕಿವಿ ತಯಾರಾದಷ್ಟು ಬೇಗ ಮನಸ್ಸು ತಯಾರಾಗಲಿಲ್ಲ.

ಸವಾಯಿ ಗಂಧರ್ವರು 1952ರ ಸೆಪ್ಟೆಂಬರ್ 12ರಂದು ತೀರಿಕೊಂಡ ಮೇಲೆ ಕುಂದಗೋಳದ ಅದೇ ವಾಡೆಯಲ್ಲಿ ಪುಣ್ಯತಿಥಿಯ ಸಂಗೀತೋತ್ಸವ ಬೆಳೆಯಿತು. ಪುಣೆಯಲ್ಲಿ ಭೀಮಸೇನ ಜೋಶಿಯವರು ಅದೇ ಹೆಸರಿನಲ್ಲಿ ಕಟ್ಟಿದ ಉತ್ಸವದ ವೈಭವವೇ ಬೇರೆ. ಕುಂದಗೋಳದ್ದು ಮನೆಯ ಶ್ರಾದ್ಧದಂತೆ. ಸೇವೆಯೆಂದು ಬಂದು ಹಾಡುತ್ತಿದ್ದರು, ಟಿಕೀಟಿಲ್ಲ, ಹಾಡು ಶುರುವಾದರೆ ಬೆಳಕು ಹರಿಯುವ ತನಕ. ಸವಾಯಿ ಗಂಧರ್ವರ ಬಳಿಯೂ ಕಲಿತಿದ್ದ ರಾಜಗುರು ಇಲ್ಲಿಗೆ ಮನೆಯವರು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರ ಸಂಗೀತದ ಹುಚ್ಚರಿಗೆ ಇದು ಸಂಜೆಯ ಗಾಡಿ ಹತ್ತಿ ಹೋಗಿ ಬೆಳಗಿನ ಗಾಡಿಗೆ ಬರುವ ಯಾತ್ರೆ. ಒಂದು ಶಾಲು, ಎಲೆ ಅಡಿಕೆ ಚೀಲ, ಕಟ್ಟಿಕೊಂಡ ರೊಟ್ಟಿ. ಬೆಳಿಗ್ಗೆ ಕೆಂಪು ಕಣ್ಣಿನಲ್ಲಿ ಬಂದು ಅಂಗಡಿ ಬಾಗಿಲು ತೆಗೆದು, ತಕ್ಕಡಿಯ ಮುಂದೆ ಕುಳಿತೇ ಯಾರು ಏನು ಹಾಡಿದರು, ಯಾರ ಭೈರವಿ ಯಾರದಕ್ಕಿಂತ ಹೆಚ್ಚು ಎಂಬ ಪಂಚಾಯತಿ. ರಾಜಗುರು ಪಕ್ಷ, ಭೀಮಸೇನ ಪಕ್ಷ, ಮನ್ಸೂರ ಪಕ್ಷ. ಕುಸ್ತಿ ಪೈಲವಾನರ ಹಿಂದೆ ಇರುವಂಥದೇ ಪಕ್ಷಗಳು, ಅಷ್ಟೇ ಬಿರುಸು. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಮಾತಾಡಲು ಶುರುಮಾಡಿದ ಮೇಲೆ ಈ ಪಂಚಾಯತಿ ಹೆಂಗಸರ ಅಡುಗೆಮನೆಗೂ ಬಂತು. ಸಂಗೀತದ ಮಟ್ಟಿಗೆ ಅದೇ ದೊಡ್ಡ ಕ್ರಾಂತಿ.

ರಾಜಗುರು ಪಕ್ಷದವರು ಅವರಲ್ಲಿ ಮೆಚ್ಚುತ್ತಿದ್ದದ್ದು ಏನು? ಒಬ್ಬರಲ್ಲ, ಇಬ್ಬರಲ್ಲ, ಹನ್ನೆರಡು ಗುರುಗಳ ಬಾಗಿಲು ತಟ್ಟಿ ಕಲಿತ ಭಂಡಾರ. ಬೇರೆಯವರು ನಾಲ್ಕು ರಾಗ ಹಾಡುವ ಹೊತ್ತಿಗೆ ಇವರ ಜೋಳಿಗೆಯಿಂದ ಕೇಳರಿಯದ ಹದಿನಾಲ್ಕು ಬರುತ್ತವೆ ಎಂಬ ನಂಬಿಕೆ. ಖಯಾಲ, ಠುಮ್ರಿ, ನಾಟ್ಯಗೀತೆ, ಕೊನೆಗೆ ವಚನ. ಆ ವಚನಕ್ಕಾಗಿಯೇ ನಿದ್ದೆಗಣ್ಣಿನಲ್ಲಿ ಕಾದು ಕೂರುವವರಿದ್ದರು. ಹಂಪಿಯಲ್ಲಿ ಬಾಗೇಶ್ರೀಯ ಜೊತೆಗೆ ನಿಜಗುಣರನ್ನು ಹಾಡಿದ ಹುಡುಗ ಕೊನೆಯವರೆಗೂ ಆ ಜೋಡಿ ಬಿಡಲಿಲ್ಲ. 1975ರಲ್ಲಿ ಪದ್ಮಶ್ರೀ, 1991ರಲ್ಲಿ ಪದ್ಮಭೂಷಣ. ಅದೇ ವರ್ಷ ತೀರಿಕೊಂಡರು. ಗಣಪತಿ ಭಟ್ ಹಾಸಣಗಿ, ಪರಮೇಶ್ವರ ಹೆಗಡೆಯವರಂಥ ಶಿಷ್ಯರು ಅವರ ಗಾಯನವನ್ನು ಘಟ್ಟದ ಮೇಲಕ್ಕೂ ಒಯ್ದರು.

ಗುರುಗಳಾದ ಪಂಚಾಕ್ಷರಿ ಗವಾಯಿಗಳು ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮಕ್ಕೆ ನೆಲೆ ಕಂಡು 1944ರ ಜೂನಿನಲ್ಲಿ ಕಣ್ಮುಚ್ಚಿದರು. ಅಲ್ಲಿಂದ ಜೋಳಿಗೆ ಬಿದ್ದದ್ದು ಹಾನಗಲ್ಲ ತಾಲೂಕಿನ ದೇವಗಿರಿಯ ಇನ್ನೊಬ್ಬ ಕುರುಡರ ಹೆಗಲಿಗೆ, ಪುಟ್ಟರಾಜ ಗವಾಯಿಗಳಿಗೆ. ಹಾಡಿ ಹಣ ಸಾಲದಾದಾಗ ಅವರು ನಾಟಕ ಬರೆದರು, ಆಶ್ರಮದ್ದೇ ನಾಟಕ ಕಂಪನಿ ಕಟ್ಟಿ ಊರೂರು ತಿರುಗಿಸಿ ಮಕ್ಕಳಿಗೆ ಅನ್ನ ಹಾಕಿದರು. ಸನ್ಯಾಸಿಯ ನಾಟಕ ಕಂಪನಿ! ಮಡಿವಂತರು ಆಗಲೂ ಏನಾದರೂ ಅಂದಿರಬೇಕು. ಹನ್ನೆರಡನೆಯ ವಯಸ್ಸಿಗೆ ಆಶ್ರಮಕ್ಕೆ ಬಂದು ಹನ್ನೆರಡು ವರ್ಷ ಅಲ್ಲಿದ್ದ ವೆಂಕಟೇಶ ಕುಮಾರರು ಇವತ್ತು ಹಾಡಲು ಕುಳಿತರೆ, ಕೊನೆಗೊಂದು ವಚನವೋ ದಾಸರ ಪದವೋ ಬೇಕೆಂದು ಸಭೆಯಿಂದ ಚೀಟಿ ಹೋಗುತ್ತದೆ. ಪುಟ್ಟರಾಜರು 2010ರ ಸೆಪ್ಟೆಂಬರ್ 17ರಂದು 96ನೆಯ ವಯಸ್ಸಿಗೆ ಲಿಂಗೈಕ್ಯರಾದಾಗ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ಬಸ್ಸು, ಟ್ರ್ಯಾಕ್ಸು, ಟ್ರ್ಯಾಕ್ಟರುಗಳೆಲ್ಲ ಗದಗಿನ ದಾರಿ ಹಿಡಿದಿದ್ದವು.

ಹಂಪಿಯ ಬಾಗೇಶ್ರೀ ಸಿಗುವುದಿಲ್ಲ, ಸರಿ. ಅದಾದ ನಂತರದ್ದು? 1970, 80ರ ದಶಕದಲ್ಲಿ ಕಛೇರಿಗೆ ಹೋಗುವಾಗ ಟೇಪ್ ರೆಕಾರ್ಡರು ಹೊತ್ತೊಯ್ದು ವೇದಿಕೆಯ ಕಾಲಬುಡದಲ್ಲಿ ಇಟ್ಟು, ಬದಿ ಮುಗಿದಾಗ ಬಾಗಿಕೊಂಡು ಹೋಗಿ ಕ್ಯಾಸೆಟ್ ಹೊರಳಿಸಿ ಬರುವ ಹುಚ್ಚರು ನಮ್ಮಲ್ಲಿ ಇದ್ದರು. ಮೇಲೆ ಬಾಲ್‌ಪೆನ್ನಿನಲ್ಲಿ ರಾಗದ ಹೆಸರು, ಊರಿನ ಹೆಸರು, ತಾರೀಖು. ಅವರಲ್ಲಿ ಬಹಳ ಜನ ಈಗಿಲ್ಲ. ಕ್ಯಾಸೆಟ್ಟುಗಳು ಇನ್ನೂ ಇರಬಹುದು. ಹಾವೇರಿಯಲ್ಲೋ, ಬ್ಯಾಡಗಿಯಲ್ಲೋ, ರಾಣೆಬೆನ್ನೂರಲ್ಲೋ ನಿಮ್ಮ ಹಳೆಯ ಮನೆಯ ಅಟ್ಟ ಖಾಲಿ ಮಾಡುವಾಗ, ಅಜ್ಜನ ಟ್ರಂಕಿನ ತಳದಲ್ಲಿ ಅಂಥದೊಂದು ಡಬ್ಬಿ ಸಿಕ್ಕರೆ ಗುಜರಿಗೆ ಹಾಕಬೇಡಿ. ಬೂಸಲು ಒರೆಸಿ, ಬಲ್ಲವರಿಂದ ಮೊದಲು ಒಂದು ನಕಲು ತೆಗೆಸಿ. ಆಮೇಲೆ ಒಂದು ಸಲ ಪೂರ್ತಿ ಕೇಳಿ, ಹಿಂದಿನಿಂದ ಕೇಳಿಬರುವ ವಾಹ್ವಾ ಯಾರದೆಂದು ಮನೆಯ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ.